ಮೇಷ್ಟ್ರ ಬಲಗೈ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಅರ್ಧಕ್ಕೆ ಬಸ್ಸಿಳಿದು, ಗದ್ದೆ ಬಯಲು ದಾಟಿ ಒಳಕ್ಕೆ ನಡೆದರೆ ನಾವು ಹತ್ತುವ ಬಂಡೆ ಸಿಗುತ್ತದೆ. ಊರಿನ ಹೆಸರು ಬರೆಯುವುದಿಲ್ಲ. ಭಾನುವಾರ ಬಂದು ನಿಲ್ಲುವ ಗಾಡಿಗಳಿಂದ ಅಲ್ಲಿಯವರಿಗೆ ಈಗಾಗಲೇ ಸಾಕಾಗಿದೆ. ಬಂಡೆಯ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲಿಗೆ ಕಲ್ಲು ಕಾದು ಕೈಯಿಡಲಾಗುವುದಿಲ್ಲ. ಮಧ್ಯಾಹ್ನದ ಮೇಲೆ ನೆರಳು ಬೀಳುತ್ತದೆ. ಆದ್ದರಿಂದ ನಮ್ಮ ಕೆಲಸ ಊಟ ಮುಗಿಸಿಕೊಂಡ ಮೇಲೆಯೇ ಶುರುವಾಗುತ್ತಿತ್ತು.

ಆ ವರ್ಷ ಮಳೆ ನಿಂತ ಮೇಲೆ ನಾನು ಮತ್ತು ಮೇಷ್ಟ್ರು ಒಂದು ಕೆಲಸ ಒಪ್ಪಿಕೊಂಡಿದ್ದೆವು. ಬಂಡೆಯಲ್ಲಿದ್ದ ಹಳೆಯ ಬೋಲ್ಟುಗಳನ್ನೆಲ್ಲ ತೆಗೆದು ಹೊಸವನ್ನು ಕೂರಿಸಬೇಕಿತ್ತು. ಗೊತ್ತಿಲ್ಲದವರು ಬೋಲ್ಟು ಹಿಡಿದುಕೊಂಡು ಹತ್ತುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಹತ್ತುವುದು ಬರಿಯ ಕೈಕಾಲಿನಿಂದ. ಬೋಲ್ಟು ಇರುವುದು ಬಿದ್ದಾಗಿನ ಸಲುವಾಗಿ. ಹತ್ತುವವರು ಒಂದೊಂದು ಬೋಲ್ಟಿನ ಹತ್ತಿರ ಹೋದಾಗಲೂ ಸೊಂಟಕ್ಕೆ ಕಟ್ಟಿಕೊಂಡ ಹಗ್ಗವನ್ನು ಅದರ ಕೊಂಡಿಗೆ ಸಿಕ್ಕಿಸಿ ಮುಂದಕ್ಕೆ ಹೋಗುತ್ತಾರೆ. ಹಗ್ಗದ ಇನ್ನೊಂದು ಕಡೆ ಕೆಳಗೆ ನಿಂತವರ ಸೊಂಟದಲ್ಲಿರುವ ಒಂದು ಚಿಕ್ಕ ಲೋಹದ ಸಾಧನದೊಳಗಿಂದ ಹಾದು ಅವರ ಬಲಗೈಗೆ ಬರುತ್ತದೆ. ಮೇಲಿನವರು ಜಾರಿದರೆ ಆ ಬಲಗೈ ಹಗ್ಗವನ್ನು ಕೆಳಕ್ಕೆ ಬಿಗಿ ಹಿಡಿಯಬೇಕು. ಸಾಧನ ಅರ್ಧ ಭಾರ ಹೊರುತ್ತದೆ, ಮಿಕ್ಕಿದ್ದು ಕೈ. ಆ ಕೈ ಯಾವ ಕಾರಣಕ್ಕೂ ಹಗ್ಗ ಬಿಡಬಾರದು.

ಮೇಷ್ಟ್ರು ಹೈಸ್ಕೂಲಿನಲ್ಲಿ ನನಗೆ ಪಿ.ಟಿ. ಹೇಳಿಕೊಟ್ಟವರು. ನನಗೆ ಮೊದಲು ಹಗ್ಗ ಹಿಡಿದವರೂ ಅವರೇ. ಬಂಡೆಯ ಮೊದಮೊದಲ ದಾರಿಗಳನ್ನು ಅವರು ಮಾಡಿದ್ದು ಡ್ರಿಲ್ಲು ಕೂಡ ಇಲ್ಲದ ಕಾಲದಲ್ಲಿ. ಚಾಣದಿಂದ ತೂತು ಹೊಡೆದು, ಅಂಗಡಿಯಲ್ಲಿ ಸಿಕ್ಕ ಸಾಧಾರಣ ಕಬ್ಬಿಣದ ಬೋಲ್ಟು ಬಡಿದಿದ್ದರು. ಅವು ಈಗ ತುಕ್ಕು ಹಿಡಿದು ಕಲ್ಲಿನ ಮೇಲೆ ಕಂದು ಬಣ್ಣದ ನೀರಿನ ಗೆರೆ ಇಳಿಸಿದ್ದವು. ಡಿಸೆಂಬರಿಗೆ ಮೈಸೂರಿನಿಂದ, ಬೆಂಗಳೂರಿನಿಂದ ಹತ್ತುವವರು ಬರಲು ಶುರುಮಾಡುತ್ತಾರೆ. ಅವರನ್ನು ಹತ್ತಿಸುವುದೇ ನನ್ನ ಕಸುಬು. ಅಷ್ಟರೊಳಗೆ ಕೆಲಸ ಮುಗಿಯಬೇಕಿತ್ತು.

ಕೆಲಸದ ಕ್ರಮ ಹೀಗೆ. ಗುಡ್ಡದ ಹಿಂದಿನಿಂದ ನಡೆದು ನೆತ್ತಿಗೆ ಹೋಗಿ, ಅಲ್ಲಿಂದ ಹಗ್ಗ ಇಳಿಬಿಟ್ಟು, ಅದರಲ್ಲಿ ನೇತುಬಿದ್ದು ಒಂದೊಂದು ಬೋಲ್ಟಿನ ಹತ್ತಿರ ನಿಲ್ಲುವುದು. ಮೊದಲು ಸುತ್ತಿಗೆಯಿಂದ ಸುತ್ತಲಿನ ಕಲ್ಲನ್ನು ತಟ್ಟುವುದು. ಗಟ್ಟಿ ಕಲ್ಲು ಸುತ್ತಿಗೆಯನ್ನು ಹಿಂದಕ್ಕೆ ಎಸೆಯುತ್ತದೆ, ಸದ್ದು ತೆಳ್ಳಗಿರುತ್ತದೆ. ಒಳಗೆ ಬಿರುಕಿದ್ದರೆ ಸದ್ದು ದಪ್ಪ, ಕೈಗೆ ಒಂದು ರೀತಿ ಪೊಳ್ಳು ಗೊತ್ತಾಗುತ್ತದೆ. ಒಳ್ಳೆ ಜಾಗ ಸಿಕ್ಕ ಮೇಲೆ ಡ್ರಿಲ್ಲು ನೇರ ಹಿಡಿದು ತೂತು ಕೊರೆಯಬೇಕು. ಸ್ವಲ್ಪ ಓರೆಯಾದರೂ ಬೋಲ್ಟಿನ ಜೊತೆಗಿರುವ, ಕೊಂಡಿ ಹಾಕುವ ತಗಡು ಕಲ್ಲಿಗೆ ಸಮ ಕೂರುವುದಿಲ್ಲ. ಆಮೇಲೆ ಪಂಪಿನಿಂದ ಗಾಳಿ ಊದಿ, ಬ್ರಷ್ಷಿನಿಂದ ತಿಕ್ಕಿ, ಮತ್ತೆ ಊದಿ ಪುಡಿಯನ್ನೆಲ್ಲ ತೆಗೆಯಬೇಕು. ಪುಡಿ ಉಳಿದರೆ ಬೋಲ್ಟು ಕಚ್ಚುವುದಿಲ್ಲ. ಹೊಸದು ಬಡಿದು ನಟ್ಟು ಬಿಗಿದಾದ ಮೇಲೆ ಹಳೆಯದನ್ನು ಬಿಚ್ಚಿ, ಬಿಚ್ಚಲು ಬಾರದಿದ್ದರೆ ಕತ್ತರಿಸಿ, ಹಳೆಯ ತೂತನ್ನು ಗುರುತು ಕಾಣದ ಹಾಗೆ ಕಲ್ಲಿನ ಪುಡಿ ಬೆರೆಸಿದ ಅಂಟಿನಿಂದ ಮೆತ್ತಬೇಕು. ಒಂದು ದಾರಿಯ ಬೋಲ್ಟುಗಳೆಲ್ಲ ಮುಗಿದ ಮೇಲೆ ಯಾರಾದರೂ ಒಬ್ಬರು ನೆಲದಿಂದ ಅದನ್ನು ಹತ್ತಿ ನೋಡಬೇಕು. ನೇತಾಡಿಕೊಂಡು ಸರಿಯೆನಿಸಿದ ಜಾಗ, ಹತ್ತುವಾಗ ಕೈಗೆಟುಕದೆ ಹೋಗಬಹುದು.

ಶುರುವಿನಲ್ಲೇ ಒಂದು ತೊಡಕಾಯಿತು. ಬಲಗಡೆ ಮುಂಚಾಚಿದ ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿತ್ತು. ಡ್ರಿಲ್ಲಿನ ಸದ್ದಿಗೆ ಅವು ಒಂದು ಸಲ ಮೈಯೆಲ್ಲ ಅಲುಗಿಸಿದ್ದು ನೋಡಿ ಮೇಷ್ಟ್ರು ಕೆಳಗಿನಿಂದ, "ಸದ್ದು ನಿಲ್ಸು. ನಿಧಾನುಕ್ಕೆ ಇಳ್ಕೊಂಡು ಬಾ" ಅಂದರು. ಆ ಭಾಗವನ್ನು ಆ ವರ್ಷದ ಮಟ್ಟಿಗೆ ಬಿಟ್ಟೆವು. ಎಡಗಡೆಯಿಂದ ನಡುವಿನ ಕಡೆಗೆ ಬರುವುದು ಅಂತಾಯಿತು. ನಡುವೆ ಇದ್ದದ್ದು ಎಲ್ಲಕ್ಕಿಂತ ಉದ್ದದ, ಕಷ್ಟದ ದಾರಿ. ಮೇಷ್ಟ್ರು ತಮ್ಮ ಪ್ರಾಯದಲ್ಲಿ ಒಂದು ಇಡೀ ಚಳಿಗಾಲ ಕಳೆದು ಹತ್ತಿದ್ದು.

ಕೆಲಸ ಹಂಚಿಕೊಂಡಾಗ ಮೇಷ್ಟ್ರು ತೂತು ಕೊರೆಯುವುದು, ನಾನು ಹತ್ತಿ ನೋಡುವುದು ಅಂತಿತ್ತು. ಮೊದಲ ದಿನವೇ ಅವರು ಡ್ರಿಲ್ಲು ನನಗೆ ಕೊಟ್ಟರು. "ಭುಜ ನೋವು ಕಣವ್ವ. ನೀನೆ ಕೊರಿ. ನಾನು ಕೆಳಗಡೆ ಇರ್ತೀನಿ." ಆಮೇಲೆ ಒಂದು ದಿನ ಹಗ್ಗದಲ್ಲಿ ಸಾಮಾನು ಕಟ್ಟಿ ಮೇಲೆ ಕಳಿಸುವಾಗ ಸ್ಪ್ಯಾನರು ಅವರ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಎರಡನೇ ಸಲ ಅವರು ಅದನ್ನು ತಕ್ಷಣ ಎತ್ತಲಿಲ್ಲ, ನೋಡುತ್ತಾ ನಿಂತರು. ಸ್ಕೂಟರಿನಲ್ಲಿ ಬರುತ್ತಿದ್ದವರು ಬಸ್ಸಿನಲ್ಲಿ ಬರತೊಡಗಿದರು. ಕೇಳಿದರೆ ರಿಪೇರಿಗೆ ಬಿಟ್ಟಿದ್ದೀನಿ ಅಂದರು. ನಾನು ಅದನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ. ಮೇಷ್ಟ್ರಿಗೆ ವಯಸ್ಸಾಗುತ್ತಿದೆ ಅಂದುಕೊಂಡೆ, ಅಷ್ಟೆ.

ಹಗ್ಗ ಜಾರಿದ್ದು ಎಡಗಡೆಯ ಮೂರನೇ ದಾರಿಯಲ್ಲಿ. ನಾನು ಕೊನೆಯ ಬೋಲ್ಟು ದಾಟಿ ಒಂದು ಕಿರಿದಾದ ಅಂಚಿಗೆ ಬೆರಳು ಹಾಕಿದ್ದೆ. ಅಂಚಿನ ಮೇಲೆ ಮಳೆಗಾಲದ ಪಾಚಿಯ ಪುಡಿ ಇತ್ತು. ಜಾರಿದೆ. ಬೀಳುವುದು ನಮಗೆ ಹೊಸದಲ್ಲ. ಎಷ್ಟು ಬೀಳುತ್ತೇವೆ ಅನ್ನುವುದು ಬೀಳುವ ಮೊದಲೇ ಮೈಗೆ ಗೊತ್ತಿರುತ್ತದೆ. ಆ ದಿನ ಹಗ್ಗ ಹಿಡಿಯಬೇಕಾದ ಜಾಗ ಬಂತು, ದಾಟಿತು, ನಾನು ಇನ್ನೂ ಬೀಳುತ್ತಲೇ ಇದ್ದೆ. ಆಮೇಲೆ ಹಿಡಿಯಿತು. ಕೆಳಗಿನ ಬೋಲ್ಟಿಗಿಂತಲೂ ಕೆಳಗೆ ಬಂದು ನೇತಾಡುತ್ತಿದ್ದೆ. ಮೊಣಕಾಲು ಕಲ್ಲಿಗೆ ತಗುಲಿ ಸುಲಿದಿತ್ತು.

"ಒಸ ಅಗ್ಗ ಕಣವ್ವ, ಜಾರ್ತದೆ" ಅಂದರು ಮೇಷ್ಟ್ರು. ನಾನು ಇಳಿದು ಬಂದಾಗ ಬಲಗೈಯನ್ನು ಬೆನ್ನ ಹಿಂದೆ ಹಿಡಿದಿದ್ದರು. ಮಾರನೇ ದಿನ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದರು. ಹಗ್ಗ ಅಂಗೈಯನ್ನು ಸುಟ್ಟಿತ್ತು. ಬಟ್ಟೆ ಬಿಗಿ ಮಾಡಿಕೊಡುತ್ತೇನೆ ಅಂತ ಕೈ ಹಿಡಿದುಕೊಂಡಾಗ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಾಂಸ ಇರಲಿಲ್ಲ, ಗುಳಿ ಬಿದ್ದಿತ್ತು. ಚರ್ಮದ ಕೆಳಗೆ ಏನೋ ತಾನಾಗಿಯೇ ಸಣ್ಣಗೆ ಮಿಡಿಯುತ್ತಿತ್ತು. ಅವರು ಕೈ ಎಳೆದುಕೊಂಡರು.

ಆ ಸಂಜೆ ಅವರಿಗಿಂತ ಮುಂಚೆ ಹೊರಟು ನರಸೀಪುರದ ಅವರ ಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಅಂಗನವಾಡಿಯಲ್ಲಿ ಟೀಚರಾಗಿದ್ದವರು, ಚಿಕ್ಕಂದಿನಿಂದ ನನಗೆ ಪರಿಚಯ. ಮಗ ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಕೇಳಿದ ತಕ್ಷಣ ಅವರು ಮುಚ್ಚಿಡಲಿಲ್ಲ.

"ಮೈಸೂರ್ಗೆ ಕರ್ಕೊಂಡೋಗಿದ್ವಿ. ನರದ ಕಾಯ್ಲೆ ಅಂದ್ರು. ಮಾಂಸ ಎಲ್ಲ ಕರಗ್ತಾ ಓಯ್ತದಂತೆ. ಈಗ ಕೈ, ಆಮೇಲೆ ಕಾಲು, ಆಮೇಲೆ..." ಅಂದು ಗಂಟಲು ಮುಟ್ಟಿಕೊಂಡರು. "ಔಷ್ದಿ ಇಲ್ವಂತೆ ಕಣವ್ವ. ಯಾರ್ಗೂ ಏಳ್ಬ್ಯಾಡ ಅಂದವ್ರೆ."

ನಾನು ಹಗ್ಗದ ವಿಷಯ ಎತ್ತಿದೆ. ಅವರಿಗೆ ಅದು ಪೂರ್ತಿ ತಿಳಿಯಲಿಲ್ಲ.

"ಅತ್ತೋದು ಬ್ಯಾಡಿ ಅಂತ ನಾನೇ ಆಣೆ ಆಕಿ ನಿಲ್ಲಿಸ್ದೆ. ಇನ್ನು ಕೆಳಗಡೆ ನಿಂತ್ಕೊಂಡು ಅಗ್ಗ ಇಡ್ಕೊಳದು ತಾನೆ? ಅದೊಂದ ಬುಡುಸ್ಬ್ಯಾಡ ಕಣವ್ವ. ಬೆಳಿಗ್ಗೆ ಎದ್ದು ಸ್ನಾನ ಮಾಡ್ತಾರಲ್ಲ, ಅದು ಬಂಡೆತಾವ್ಕೆ ಓಗ್ಬೇಕು ಅಂತ. ಅದೂ ಇಲ್ಲ ಅಂದ್ರೆ ಆಸ್ಗೆ ಬಿಟ್ಟು ಏಳಾದೇ ಇಲ್ಲ."

ಕೆಳಗೆ ನಿಂತು ಹಗ್ಗ ಹಿಡಿಯುವುದು ಅಂದರೆ ಏನು ಅಂತ ಆ ತಾಯಿಗೆ ಬಿಡಿಸಿ ಹೇಳಲು ಬಾಯಿ ತೆರೆದೆ. ಹೇಳಿದ್ದರೆ, ನಿಮ್ಮ ಯಜಮಾನರು ನಿನ್ನೆ ನನ್ನನ್ನು ನೆಲಕ್ಕೆ ಬೀಳಿಸಿಬಿಡುತ್ತಿದ್ದರು ಅಂತಲೇ ಹೇಳಿದ ಹಾಗಾಗುತ್ತಿತ್ತು. ಆಗಲಿ ಅಮ್ಮ ಅಂದು ಎದ್ದು ಬಂದೆ.

ಮುಂದಿನ ದಿನಗಳಲ್ಲಿ ಒಂದೊಂದೇ ಉಪಾಯ ಹೂಡಿದೆ. ಹಗ್ಗ ಜೋರಾಗಿ ಎಳೆದರೆ ತಾನೇ ಕಚ್ಚಿಕೊಳ್ಳುವ ಸಾಧನ ಇದೆ. ಅದನ್ನು ತಂದು, ಈಗ ಎಲ್ಲ ಕಡೆ ಇದನ್ನೇ ಉಪಯೋಗಿಸುತ್ತಾರೆ ಅಂದೆ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಡಬ್ಬಿ ನಂಬ್ಕೊಂಡು ಅತ್ತೀಯಾ?" ಅಂದರು. ಆದರೂ ಹಾಕಿಕೊಂಡರು. ಆ ಸಾಧನಕ್ಕೂ ಕೈ ಬೇಕು. ಹಗ್ಗ ನಿಧಾನವಾಗಿ ಜಾರಿದರೆ ಅದು ಕಚ್ಚದೆ ಇರಬಹುದು. ಹತ್ತುವವರಿಗೆ ಹಗ್ಗ ಬೇಗ ಬಿಡಬೇಕಾದಾಗ ಹಗ್ಗ ಕಚ್ಚುವ ಅದರ ಎಸಳನ್ನು ಹೆಬ್ಬೆರಳಿನಿಂದ ಅದುಮಬೇಕು. ಮೇಷ್ಟ್ರ ಹೆಬ್ಬೆರಳಿಗೆ ಅದು ಆಗುತ್ತಿರಲಿಲ್ಲ. ಮೇಲೆ ನಾನು ಒಂದು ಕೈಯಲ್ಲಿ ನೇತಾಡಿಕೊಂಡು, ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಾ ಕೊಂಡಿಗೆ ಸಿಕ್ಕಿಸಲಾಗದೆ ಕಾಯುತ್ತಿದ್ದೆ.

ಭಾನುವಾರಗಳಲ್ಲಿ ಸಹಾಯಕ್ಕೆ ಒಬ್ಬರು ಬರುತ್ತಿದ್ದರು, ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ, ವರ್ಷಗಳಿಂದ ನಮ್ಮ ಜೊತೆ ಹತ್ತುತ್ತಿದ್ದವರು. ಅವರಿಗೆ ಗುಟ್ಟಾಗಿ ಹೇಳಿ, ಮೇಷ್ಟ್ರ ಹಿಂದೆ ನಿಂತು ಹಗ್ಗದ ಬಾಲ ಹಿಡಿದುಕೊಳ್ಳುವಂತೆ ಮಾಡಿದೆ. ಹಗ್ಗ ಸಿಕ್ಕು ಬೀಳದಿರಲಿ ಅಂತ ನೆಪ. ಮೇಷ್ಟ್ರು ಒಂದು ಸಲ ತಿರುಗಿ ಅವರನ್ನೂ ಹಗ್ಗವನ್ನೂ ನೋಡಿದರು, ಮತ್ತೆ ಬಂಡೆಯ ಕಡೆ ತಿರುಗಿದರು.

ಮಿಕ್ಕ ದಿನಗಳಲ್ಲಿ ನಾವಿಬ್ಬರೇ. ನಾನು ಬೀಳದಂತೆ ಹತ್ತಲು ಶುರುಮಾಡಿದ್ದೆ. ಕಷ್ಟದ ಹೆಜ್ಜೆ ಬಂದಾಗ ಬೋಲ್ಟನ್ನೇ ಹಿಡಿದುಕೊಳ್ಳುತ್ತಿದ್ದೆ. ಹಾಗೆ ಹತ್ತಿದರೆ ಬೋಲ್ಟು ಸರಿಯಾದ ಜಾಗದಲ್ಲಿದೆಯೇ ಅನ್ನುವುದು ಗೊತ್ತಾಗುವುದೇ ಇಲ್ಲ. ಮಾಡುತ್ತಿದ್ದ ಕೆಲಸವೇ ಸುಳ್ಳಾಗುತ್ತಿತ್ತು. ಆ ದಾರಿಯಲ್ಲಿ ಮುಂದೆ ನಾನು ಕಾಣದ ಯಾರೋ ಹತ್ತುತ್ತಾರೆ, ಬೀಳುತ್ತಾರೆ.

ಕೊನೆಗೆ ಉಳಿದದ್ದು ನಡುವಿನ ದಾರಿ. ಅದರ ಕೆಳಭಾಗ ಅಪಾಯದ್ದು. ಎರಡನೇ ಬೋಲ್ಟು ಬಿಟ್ಟು ಮೂರನೆಯದಕ್ಕೆ ಕೈ ಚಾಚುವ ಹೊತ್ತಿನಲ್ಲಿ ಬಿದ್ದರೆ, ಕೆಳಗಿನವರು ತಕ್ಷಣ ಹಿಡಿದರೂ ಕಾಲು ನೆಲಕ್ಕೆ ಸ್ವಲ್ಪದರಲ್ಲಿ ತಪ್ಪುತ್ತದೆ. ತಡವಾದರೆ ತಪ್ಪುವುದಿಲ್ಲ. ಇನ್ನೊಂದು ಬೋಲ್ಟು ನಡುವೆ ಹಾಕೋಣವೆಂದರೆ ಅಲ್ಲಿನ ಕಲ್ಲು ಪೊಳ್ಳು. ತಟ್ಟಿ ತಟ್ಟಿ ನೋಡಿ ಕೈಬಿಟ್ಟಿದ್ದೆ. ಭಾನುವಾರಕ್ಕೆ ಅಂತ ಇಟ್ಟುಕೊಂಡಿದ್ದೆವು. ಕಾರ್ಖಾನೆಯವರಿಗೆ ಶಿಫ್ಟು ಬದಲಾಯಿತು. ಬರಲಾಗುವುದಿಲ್ಲ ಅಕ್ಕ ಅಂತ ಫೋನು ಮಾಡಿದರು.

ಮೇಷ್ಟ್ರು ಮಾತ್ರ ಬೇಗ ಬಂದಿದ್ದರು. ಹಗ್ಗ ಬಿಚ್ಚಿ ಹಾಸಿದ್ದರು. ಹೊಸ ಡಬ್ಬಿಯನ್ನು ಚೀಲದಲ್ಲೇ ಬಿಟ್ಟು ತಮ್ಮ ಹಳೆಯ ಸಾಧನವನ್ನೇ ಸೊಂಟಕ್ಕೆ ಹಾಕಿಕೊಂಡಿದ್ದರು. ಈ ದಾರಿಗೆ ಅದೇ ಇರಲಿ ಅಂತ ಅವರಿಗೆ ಅನಿಸಿತ್ತೋ ಏನೋ.

ಹತ್ತುವ ಮೊದಲು ಒಬ್ಬರನ್ನೊಬ್ಬರು ತಪಾಸಣೆ ಮಾಡುವುದು ಪದ್ಧತಿ. ಅವರು ನನ್ನ ಗಂಟು ನೋಡುತ್ತಾರೆ, ನಾನು ಅವರ ಸೊಂಟ, ತೊಡೆಗೆ ಹಾಕಿದ ಪಟ್ಟಿ, ಕೊಂಡಿ ನೋಡುತ್ತೇನೆ. ಅವರ ಕೊಂಡಿಯ ಬಾಯಿ ತೆರೆಯದಂತೆ ಬಿಗಿಯುವ ತಿರುಪು ಮುಚ್ಚಿರಲಿಲ್ಲ. "ಮೇಷ್ಟ್ರೇ, ತಿರುಪು" ಅಂದೆ. ಅವರು ಬಲಗೈಯಿಂದ ತಿರುಗಿಸಲು ನೋಡಿದರು. ಬೆರಳು ಅದರ ಮೇಲೆ ಜಾರುತ್ತಿತ್ತು. ಎಡಗೈ ಹಾಕಿದರು. ಅದೂ ಆಗಲಿಲ್ಲ. ಆಮೇಲೆ ಬಹಳ ಸಹಜವಾಗಿ, ಬೇರೆ ಏನೋ ಮಾತಾಡುವವರ ಹಾಗೆ, "ನೀನೆ ಒಂಚೂರು ಆಕ್ಬುಡು" ಅಂದರು.

ನಾನು ತಿರುಪು ಮುಚ್ಚಿದೆ. ಬಂಡೆಯ ಕಡೆ ತಿರುಗಿ ಮೊದಲ ಹಿಡಿಗೆ ಕೈ ಇಟ್ಟೆ. ಕಾಲು ಏಳಲಿಲ್ಲ.

"ಓಗವ್ವ, ಇಡ್ಕೊಂಡಿದ್ದೀನಿ" ಅಂದರು ಹಿಂದಿನಿಂದ. ಈ ಮಾತನ್ನು ನಾನು ಹೈಸ್ಕೂಲಿನಿಂದ ಕೇಳುತ್ತಾ ಬಂದಿದ್ದೆ. ಕೇಳಿದ ಕೂಡಲೇ ಹತ್ತುವುದು ಬಿಟ್ಟು ಬೇರೆ ಏನನ್ನೂ ಯೋಚಿಸಿದವಳಲ್ಲ.

ಕೈ ತೆಗೆದು ಅವರ ಕಡೆ ತಿರುಗಿದೆ. "ಮೇಷ್ಟ್ರೇ, ನೀವು ಹಗ್ಗ ಹಿಡಿಯೋದು ಬೇಡ."

ಅವರು ನನ್ನನ್ನೇ ನೋಡಿದರು. "ಇವತ್ತು ಬ್ಯಾಡ್ವಾ, ಇನ್ಮುಂದೆ ಬ್ಯಾಡ್ವಾ?"

ಇವತ್ತು ಅನ್ನುವ ಉತ್ತರ ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ನಾಳೆ ಮತ್ತೆ ಇದೇ ಜಾಗದಲ್ಲಿ ನಿಲ್ಲಬೇಕಾಗಿತ್ತು.

"ಇನ್ಮುಂದೆ ಬೇಡ" ಅಂದೆ.

ಅವರು ತಲೆಯಾಡಿಸಿದರು. ಸೊಂಟದ ಪಟ್ಟಿ ಬಿಚ್ಚಲು ಶುರುಮಾಡಿದರು. ಬಕಲ್ಲು ಬಿಗಿಯಾಗಿತ್ತು, ಬಿಚ್ಚಲಾಗುತ್ತಿರಲಿಲ್ಲ. ನಾನು ಹತ್ತಿರ ಹೋದೆ. ಅವರು ಬೆನ್ನು ತಿರುಗಿಸಿಕೊಂಡರು. ಬೆನ್ನು ಹಾಕಿ ನಿಂತ ಅವರ ಮೊಣಕೈಗಳು ಅಲುಗುವುದನ್ನು ನೋಡುತ್ತಾ ನಾನು ಅಲ್ಲೇ ನಿಂತಿದ್ದೆ. ಬಹಳ ಹೊತ್ತು ಹಿಡಿಯಿತು. ಪಟ್ಟಿ ಕೆಳಗೆ ಬಿದ್ದ ಮೇಲೆ ಅದರಿಂದ ಕಾಲು ತೆಗೆದು, ಚೀಲ ಹೆಗಲಿಗೆ ಹಾಕಿಕೊಂಡು, ಗದ್ದೆಯ ಬದುವಿನ ಮೇಲೆ ರಸ್ತೆಯ ಕಡೆಗೆ ನಡೆದರು. ಜೊತೆಗೆ ಬರುತ್ತೇನೆ ಅಂದಿದ್ದಕ್ಕೆ ಬಲಗೈಯನ್ನು ಸುಮ್ಮನೆ ಅಡ್ಡಕ್ಕೆ ಆಡಿಸಿದರು.

ನಡುವಿನ ದಾರಿಯನ್ನು ಮುಂದಿನ ವಾರ ಕಾರ್ಖಾನೆಯವರು ಹಗ್ಗ ಹಿಡಿದಾಗ ಹತ್ತಿದೆ. ಬೇಕೆಂದೇ ಬಿದ್ದು ನೋಡಿದೆ. ಅವರು ಚೆನ್ನಾಗಿಯೇ ಹಿಡಿದರು. ಮೂರನೇ ಬೋಲ್ಟನ್ನು ಒಂದು ಗೇಣು ಕೆಳಕ್ಕೆ ತಂದು ಕೂರಿಸಿದೆ, ಅಲ್ಲಿ ಕಲ್ಲು ಗಟ್ಟಿಯಿತ್ತು. ಹಾಗೆ ಬಿದ್ದು ನೋಡದಿದ್ದರೆ ಅದು ಹೊಳೆಯುತ್ತಿರಲಿಲ್ಲ. ಬೋಲ್ಟು ಹಿಡಿದುಕೊಂಡು ಹತ್ತಿದ್ದ ದಾರಿಗಳನ್ನೂ ಮತ್ತೆ ಹತ್ತಿ ನೋಡಿದೆ. ಡಿಸೆಂಬರಿಗೆ ಜನ ಬಂದರು. ಹೊಸ ಬೋಲ್ಟುಗಳು ನೆರಳಿನಲ್ಲೂ ಹೊಳೆಯುತ್ತಿದ್ದವು. ಎಲ್ಲರೂ ಚೆನ್ನಾಗಿದೆ ಅಂದರು.

ಮೇಷ್ಟ್ರು ಫೋನು ಎತ್ತಲಿಲ್ಲ. ಎರಡು ಸಲ ಮನೆಗೆ ಹೋದೆ. ಎರಡು ಸಲವೂ ಅವರ ಹೆಂಡತಿ ಬಾಗಿಲಲ್ಲೇ, "ಮಲಗವ್ರೆ ಕಣವ್ವ" ಅಂದರು. ಅವರ ದನಿಯಲ್ಲಿ ಮುನಿಸಿತ್ತು. ಬಿಡಿಸಬೇಡ ಅಂತ ಕೇಳಿಕೊಂಡಿದ್ದನ್ನೇ ನಾನು ಬಿಡಿಸಿದ್ದೆ.

ಬಿಸಿಲು ಏರಿ ಹತ್ತುವವರು ಕಡಿಮೆಯಾದ ಹೊತ್ತಿಗೆ ಮೇಷ್ಟ್ರೇ ಹೇಳಿಕಳಿಸಿದರು. ಹೋದಾಗ ಮೇಷ್ಟ್ರು ಜಗಲಿಯ ಮೇಲೆ ಕುರ್ಚಿಯಲ್ಲಿದ್ದರು. ಎರಡೂ ಕೈ ತೊಡೆಯ ಮೇಲಿದ್ದವು, ಯಾರೋ ತಂದು ಇಟ್ಟ ಹಾಗೆ. ಮಾತು ಸ್ವಲ್ಪ ದಪ್ಪವಾಗಿತ್ತು.

"ನಿನ್ ಮ್ಯಾಲೆ ಕ್ವಾಪ ಅನ್ಕೊಂಡಿದ್ದೀಯ?" ಅಂದರು.

"ಹೂಂ ಮೇಷ್ಟ್ರೇ."

"ಇತ್ತು. ಸ್ವಲ್ಪ ದಿನ ಇತ್ತು. ಆಮೇಲಿಂದು ನಾಚ್ಕೆ." ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. "ಅವತ್ತು ಅಗ್ಗ ಜಾರ್ತಲ್ಲ, ಅವತ್ತೇ ನಂಗೆ ಗೊತ್ತಾಯ್ತು, ಈ ಕೈಲಿ ಆಗಕಿಲ್ಲ ಅಂತ. ಒಸ ಅಗ್ಗ ಅಂತ ಸುಳ್ಳೇಳ್ದೆ. ದಿನಾ, ಇವತ್ತು ಏಳ್ಬುಡ್ತೀನಿ ಅನ್ಕೊಂಡೇ ಬಸ್ ಅತ್ತೋನು. ಬಂಡೆ ಕಂಡ್ರೆ ಬಾಯೇ ಬತ್ತಿರ್ಲಿಲ್ಲ. ನೀನು ಮೇಲಕ್ಕೆ ಓದಂಗೂ ನಂಗೆ ಎದೆ ಒಡ್ಕೊಳದು. ನೀನು ಇಳ್ದು ನೆಲಕ್ಕೆ ಕಾಲಿಟ್ರೆ ಸಾಕು, ಇವತ್ತಿಗೆ ಆಯ್ತು ಅನ್ಕಳನು. ಮಾರ್ನೆ ದಿನ ಮತ್ತೆ ಬತ್ತಿದ್ದೆ. ನೋಡು ಎಂಗಿದೆ."

ನಾನು ಜಗಲಿಯ ಅಂಚಿಗೆ ಕೂತೆ.

"ನೀನು ಇನ್ಮುಂದೆ ಬ್ಯಾಡ ಅಂದ್ಯಲ್ಲ. ಬಸ್ಸಲ್ಲಿ ಅಳ್ತಾ ಕೂತಿದ್ದೆ. ಪಕ್ಕದೋರು ಏನ್ ಸಾ ಅಂತ ಕೇಳುದ್ರು. ಏನಂತ ಏಳ್ಲಿ? ಇನ್ನು ಆ ಮಗೀನ ನಾನು ಸಾಯ್ಸಕಿಲ್ಲ ಅಂತ ಏಳದಾ?"

ಒಳಗಿನಿಂದ ಅವರ ಹೆಂಡತಿ ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆಮೇಲೆ ಬಂದು, ಮೊದಲು ನನ್ನ ಕೈಗೆ ಲೋಟ ಕೊಟ್ಟು, ಇನ್ನೊಂದನ್ನು ಮೇಷ್ಟ್ರ ಬಾಯಿಗೆ ಹಿಡಿದು ಕುಡಿಸಿದರು.

ಅದಾದ ಮೇಲೆ ನಾನು ಆಗಾಗ ಹೋಗುತ್ತಿದ್ದೆ. ಯಾರು ಯಾವ ದಾರಿ ಹತ್ತಿದರು, ಹೆಜ್ಜೇನು ಎದ್ದು ಹೋಯಿತೇ ಅಂತ ಮೇಷ್ಟ್ರು ಕೇಳುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಮಾತು ಹೋಯಿತು. ಆಮೇಲೆ ನಾನೇ ಹೇಳುತ್ತಿದ್ದೆ, ಅವರು ಕಣ್ಣಿನಲ್ಲಿ ಕೇಳುತ್ತಿದ್ದರು. ಮಾರನೇ ಬೇಸಿಗೆಗೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರನ್ನು ಮಗ್ಗುಲಾಗಿಸಲು ನಾನೂ ಕೈ ಕೊಟ್ಟಿದ್ದೇನೆ. ಮೈಯಲ್ಲಿ ಭಾರವೇ ಇರಲಿಲ್ಲ.

ಅದರ ಮುಂದಿನ ಚಳಿಗಾಲದಲ್ಲಿ ಒಂದು ಭಾನುವಾರ ನಾನು ಗುಂಪೊಂದನ್ನು ಹತ್ತಿಸುತ್ತಿದ್ದೆ. ಗದ್ದೆಯ ಬದುವಿನ ಮೇಲೆ ಒಬ್ಬ ಹೆಂಗಸು ಸೆರಗು ಹೊದ್ದು ನಿಧಾನವಾಗಿ ಬರುವುದು ಕಾಣಿಸಿತು. ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು, ಮೇಷ್ಟ್ರ ಹೆಂಡತಿ. ಬಸ್ಸಿನಲ್ಲಿ ಬಂದು ದಾರಿ ಕೇಳಿಕೊಂಡು ನಡೆದಿದ್ದರು. ಇಷ್ಟು ವರ್ಷಗಳಲ್ಲಿ ಅವರು ಬಂಡೆಯನ್ನು ನೋಡಿದ್ದು ಅದೇ ಮೊದಲು.

ನೆರಳಿನಲ್ಲಿ ಕೂರಿಸಿ ನೀರು ಕೊಟ್ಟೆ. ಹತ್ತುವವರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಅವ್ರು ಎಲ್ಲಿ ನಿಂತ್ಕೊತಿದ್ರು?" ಅಂತ ಕೇಳಿದರು.

ನಡುವಿನ ದಾರಿಯ ಬುಡಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಅಲ್ಲಿ ಮಣ್ಣು ತುಳಿದು ತುಳಿದು ಗಟ್ಟಿಯಾಗಿದೆ. ಅವರು ಚಪ್ಪಲಿ ಬಿಟ್ಟು ಅಲ್ಲಿ ನಿಂತರು. ಬಂಡೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಮೇಲೆ ಒಬ್ಬ ಹುಡುಗಿ ಹತ್ತುತ್ತಿದ್ದಳು. ಅವಳಿಗೆ ಹಗ್ಗ ಹಿಡಿದವರು ಪಕ್ಕದಲ್ಲಿ ತಲೆಯೆತ್ತಿ ನಿಂತಿದ್ದರು.

"ಅವ್ಳು ಇಳಿಯೋಗಂಟ ಇಂಗೇ ನೋಡ್ತಾನೇ ಇರ್ಬೇಕಾ?"

"ಹೂಂ ಅಮ್ಮ. ಕಣ್ಣು ತೆಗೆಯೋ ಹಾಗಿಲ್ಲ."

"ಕತ್ತು ನೋಯಕಿಲ್ವಾ?"

"ನೋಯ್ತದೆ."

ಅವರು ಮತ್ತೆ ಹುಡುಗಿಯ ಕಡೆಗೆ ತಲೆಯೆತ್ತಿದರು. ಆಮೇಲೆ, "ಮನೆಗೆ ಬಂದೋರು ಕತ್ತಿಗೆ ಒಸಿ ಎಣ್ಣೆ ಹಚ್ಚು ಅನ್ನೋರು" ಅಂದರು. "ಹಚ್ತಿದ್ದೆ. ಯಾತಕ್ಕೆ ನೋವು ಅಂತ ಒಂದಿನಾನೂ ಕೇಳ್ನಿಲ್ಲ."

ಹುಡುಗಿ ಇಳಿದು ನೆಲಕ್ಕೆ ಕಾಲಿಡುವ ತನಕ ಅವರು ಕತ್ತು ಇಳಿಸಲಿಲ್ಲ.